ಎರಡನೆಯ ಕೀ

ನೀವು ನನಗೆ ಎರಡು ಕೀ ಕೊಟ್ಟಿದ್ದಿರಿ, ಹಮೀದ್. ಒಂದೇ ಕೊಟ್ಟದ್ದು ಎಂದು ನಾನು ಠಾಣೆಯಲ್ಲಿ ಹೇಳಿದ್ದು ಸುಳ್ಳು. ಇನ್ಶೂರೆನ್ಸಿನವರಿಗೆ ಬರೆದುಕೊಟ್ಟದ್ದೂ ಸುಳ್ಳು. ಹೆಂಡತಿಗೆ, ಮಗಳಿಗೆ, ಊರಿಗೆಲ್ಲ ಹೇಳಿದ್ದು ಅದೇ ಸುಳ್ಳು — ಇಷ್ಟು ವರ್ಷ ಹೇಳಿ ಹೇಳಿ ನನಗೇ ಸುಸ್ತಾಗಿದೆ.

ಕೊಟ್ಟ ದಿನ ಚೆನ್ನಾಗಿ ನೆನಪುಂಟು. ಕೂಳೂರು ಸೇತುವೆಯ ಈಚೆ ನಿಮ್ಮ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿ. ಅಂಗಡಿ ಎಂದರೆ ಎಂತ — ಶೀಟಿನ ಮಾಡು, ಒಂದು ಮೇಜು, ಎದುರಿಗೆ ಸಾಲಾಗಿ ನಾಲ್ಕಾರು ಗಾಡಿ. ನಾನು ಕುವೈತಿನಲ್ಲಿ ಸ್ಟೋರ್ ಕೀಪರ್ ಕೆಲಸ ಮುಗಿಸಿ ಬಂದವನು, ಸ್ವಂತ ಕಾರು ಅಂತ ಅದೇ ಮೊದಲು. ನೀವು ಎರಡೂ ಕೀಯನ್ನು ನನ್ನ ಅಂಗೈಯಲ್ಲಿಟ್ಟು, "ಒಂದು ನಿಮಗೆ, ಒಂದು ಬಾಯಮ್ಮನಿಗೆ. ಇನ್ನು ನನ್ನ ಹತ್ರ ಎಂತದ್ದೂ ಇಲ್ಲ, ಪೊರ್ಬುಗಳೇ" ಎಂದಿರಿ. ನಮ್ಮ ಕಡೆ ಕೊಂಕಣಿ ಕ್ರಿಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದುಂಟು. ನೀವು ಕರೆದರೆ ಅದರಲ್ಲಿ ಸಲಿಗೆಯೂ ಇತ್ತು, ಮರ್ಯಾದೆಯೂ ಇತ್ತು. ಹೆಂಡತಿಗೆ ಕಾರು ಬಿಡಲು ಬರುವುದಿಲ್ಲ, ಎರಡನೆಯ ಕೀಯನ್ನು ಅವಳಿಗೆ ತೋರಿಸದೆಯೇ ನನ್ನ ಕಪಾಟಿನಲ್ಲಿಟ್ಟೆ.

ಮರುವರ್ಷ ನನ್ನ ತಂಗಿಯ ಮಗಳ ಮದುವೆ. ಕುಲಶೇಖರದ ನಮ್ಮ ಮನೆಯಲ್ಲೇ ರೋಸ್ — ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ನಮ್ಮ ಓಣಿಯಲ್ಲಿ ಒಂದು ಕಾರು ನಿಂತರೆ ಇನ್ನೊಂದಕ್ಕೆ ದಾರಿ ಇಲ್ಲ. ಹಾಗಾಗಿ ಒಂದರ ಹಿಂದೆ ಒಂದು ನಿಲ್ಲಿಸುವುದು, ಕೀಯನ್ನು ಗಾಡಿಯಲ್ಲೇ ಬಿಡುವುದು ನಮ್ಮ ಅಭ್ಯಾಸ. ಹೊರಡುವವನು ಅಡ್ಡ ನಿಂತ ಕಾರನ್ನು ತಾನೇ ಬದಿಗೆ ಹಾಕಿ ಹೋಗ್ತಾನೆ, ಇದು ಯಾರದ್ದು ಎಂದು ಮೈಕಿನಲ್ಲಿ ಕೂಗುವ ಗೋಳಿಲ್ಲ. ಆ ದಿನ ಗೇಟಿನಲ್ಲಿ ನಿಂತು, ಬಂದವರಿಗೆಲ್ಲ "ಕೀ ಒಳಗೇ ಇರಲಿ" ಎಂದು ದೊಡ್ಡಸ್ತಿಕೆಯಿಂದ ಹೇಳುತ್ತಿದ್ದವನು ನಾನೇ.

ನಿಮ್ಮನ್ನೂ ಕರೆದಿದ್ದೆ. ಬಂದಿರಿ, ಒಂದು ಲೋಟ ಲಿಂಬೆ ಶರಬತ್ತು ಕುಡಿದಿರಿ, ಬೇಗ ಹೊರಟಿರಿ. ಹೊರಡುವಾಗ ನನ್ನೊಬ್ಬನನ್ನೇ ಬದಿಗೆ ಕರೆದು, "ನಿಮ್ಮ ಗಾಡಿ ರಸ್ತೆಯ ಬಾಯಿಯಲ್ಲೇ ಉಂಟು, ಕೀ ಅದರಲ್ಲೇ ಉಂಟು. ತೆಗೆದಿಟ್ಟುಕೊಳ್ಳಿ ಪೊರ್ಬುಗಳೇ, ಈಗ ಮೊದಲಿನ ಹಾಗಲ್ಲ" ಎಂದಿರಿ.

"ರೋಸಿಗೆ ಬಂದವರು ಕಾರು ಕದೀತಾರಾ ಮಾರಾಯ್ರೆ?" ಎಂದು ನಾನು ನಕ್ಕೆ.

ಹಾಡು ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ಕಾರು ಇರಲಿಲ್ಲ. ಯಾರೋ ಬದಿಗೆ ಹಾಕಿರಬೇಕು ಎಂದುಕೊಂಡು ಓಣಿಯ ಕೊನೆಯವರೆಗೂ ಹುಡುಕಿದೆವು. ನನ್ನ ಹೆಂಡತಿ ಅಳಲಿಕ್ಕೆ ಸುರು ಮಾಡಿದಳು. ಆಗ ಭಾವ ಕೇಳಿದ, "ಕೀ ಎಲ್ಲಿತ್ತು?" — ಒಂದು ಕ್ಷಣ, ಹಮೀದ್, ಒಂದೇ ಕ್ಷಣ ನಿಜ ಬಾಯಿಗೆ ಬಂದಿತ್ತು. ಆದರೆ ಗೇಟಿನಲ್ಲಿ ನಿಂತು ಅಷ್ಟು ಜನಕ್ಕೆ ಉಪದೇಶ ಕೊಟ್ಟವನು ನಾನು. ಕಪಾಟಿನಲ್ಲಿದ್ದ ಕೀಯನ್ನು ತಂದು ತೋರಿಸಿ, "ನನ್ನದು ನನ್ನ ಹತ್ರವೇ ಉಂಟು" ಎಂದೆ.

ಅಲ್ಲಿಗೆ ನಿಂತಿದ್ದರೆ… ನಿಲ್ಲಲಿಲ್ಲ. ಇನ್ಶೂರೆನ್ಸಿನವರು ಎರಡೂ ಕೀ ತಂದುಕೊಡಿ ಎಂದರು. ಗಾಡಿಯಲ್ಲೇ ಬಿಟ್ಟದ್ದಾದರೆ ಕ್ಲೇಮು ಸಿಗುವುದು ಕಷ್ಟ ಎಂದೂ ಹೇಳಿದರು. ಠಾಣೆಯಲ್ಲಿಯೂ ಅದೇ ಪ್ರಶ್ನೆ, ಇನ್ನೊಂದು ಕೀ ಎಲ್ಲಿ? ನಾನು ಹೇಳಿದೆ —

"ಮಾರಿದವರು ಒಂದೇ ಕೀ ಕೊಟ್ಟದ್ದು."

ಅಷ್ಟೇ. ನೀವು ಕದ್ದಿರಿ ಎಂದು ನಾನು ಹೇಳಲೇ ಇಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಮಾರಿದವರ ಹೆಸರೇನು ಎಂದರು, ಹೇಳಿದೆ. ರೋಸಿಗೆ ಬಂದಿದ್ದರಾ ಎಂದರು, ಬಂದಿದ್ದರು, ಬೇಗ ಹೋದರು ಎಂದೆ. ಒಂದೊಂದು ಮಾತೂ ನಿಜ! ನಿಮ್ಮ ಹೆಸರು ಕೇಳಿದ ಮೇಲೆ ಅವರು ನನ್ನನ್ನು ಮತ್ತೆ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ — ಮಾರಿದವನು ನಮ್ಮ ಇಗರ್ಜಿಗೆ ಪೂಜೆಗೆ ಬರುವವನಾಗಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ.

ನಿಮ್ಮನ್ನು ಠಾಣೆಗೆ ಕರೆಸಿದರು. ಮತ್ತೆ ಮತ್ತೆ ಕರೆಸಿದರು. ನೀವು ನಿಜ ಹೇಳಿದಿರಂತೆ, ಎರಡೂ ಕೊಟ್ಟಿದ್ದೇನೆ, ಒಂದನ್ನು ಅವರು ಗಾಡಿಯಲ್ಲೇ ಬಿಟ್ಟಿದ್ದರು, ನಾನೇ ನೋಡಿ ಹೇಳಿದ್ದೆ ಎಂದು. ನನ್ನನ್ನು ಕೇಳಿದಾಗ ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀವು ಬೆಂಚಿನಲ್ಲಿ ಕೂತಿದ್ದಿರಿ. ಬೈಯಲಿಲ್ಲ. "ಪೊರ್ಬುಗಳೇ, ನಿಮ್ಮ ಕೈಯಲ್ಲೇ ಇಟ್ಟದ್ದಲ್ವಾ?" ಎಂದಿರಿ. ನಾನು ಗೋಡೆ ನೋಡಿದೆ.

ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು, ಮಾತು ಉಳಿಯಿತು. ಡುಪ್ಲಿಕೇಟ್ ಕೀ ಇಟ್ಟುಕೊಂಡು ಮಾರಿದ ಗಾಡಿಯನ್ನೇ ಕದಿಯುವವರು ಎಂದು ನಿಮ್ಮ ಹೆಸರು ಊರೂರು ತಿರುಗಿತು. ಹಳೇ ಕಾರು ಮಾರುವವನಿಗೆ ಮಾತಿನ ಮೇಲಿನ ನಂಬಿಕೆ ಬಿಟ್ಟರೆ ಬೇರೆ ಎಂತ ಬಂಡವಾಳ ಉಂಟು? ಒಂದು ಮಳೆಗಾಲ ಕಳೆಯುವುದರೊಳಗೆ ಕೂಳೂರಿನ ಆ ಶೀಟಿನ ಮಾಡು ಖಾಲಿಯಾಯಿತು.

ಅನಂತರ ಮದುವೆ ಮನೆಗಳಿಗೆ ಒಳ್ಳೆಯ ಅಂಗಿ ಹಾಕಿ ಬಂದು ಕಾರು ಹಾರಿಸುವ ಒಂದು ತಂಡ ಸಿಕ್ಕಿಬಿತ್ತು. ಠಾಣೆಯವರೇ ಫೋನು ಮಾಡಿ, ನಿಮ್ಮದೂ ಅವರದೇ ಕೆಲಸ ಇರಬಹುದು, ಆದರೆ ಗಾಡಿ ಸಿಗಲಿಕ್ಕಿಲ್ಲ ಎಂದರು. ಆ ದಿನವಾದರೂ ನಿಮ್ಮ ಮನೆಗೆ ಓಡಿ ಬರಬಹುದಿತ್ತು. ಫೋನು ಇಟ್ಟು ಊಟಕ್ಕೆ ಕೂತೆ.

ಪಾದ್ರಿಗಳ ಎದುರು ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಅಲ್ಲಿ ನಿಮ್ಮ ಹೆಸರಿರಲಿಲ್ಲ, "ಒಬ್ಬರ ಮೇಲೆ ಸುಳ್ಳು ಹೇಳಿದೆ" ಎಂದಷ್ಟೇ. ಅವರಲ್ಲಿ ಹೋಗಿ ಹೇಳು ಎಂದರು ಪಾದ್ರಿಗಳು. ಪ್ರಾರ್ಥನೆ ಮಾತ್ರ ಹೇಳಿ ಮನೆಗೆ ಬಂದೆ. ಹೋದ ವರ್ಷ ಪಣಂಬೂರಿನಲ್ಲಿ ನಿಮ್ಮನ್ನು ನೋಡಿದೆ, ಯಾರದೋ ಲಾರಿ ಯಾರ್ಡಿನ ಗೇಟಿನಲ್ಲಿ ಕಾವಲಿಗೆ ಕೂತಿದ್ದಿರಿ. ನೀವು ಕೈ ಎತ್ತಿದಿರಿ, ಪುಣ್ಯಾತ್ಮ, ಕೈ ಎತ್ತಿದಿರಿ! ನಾನು ಕಾಣದವನಂತೆ ಬಸ್ಸು ಹತ್ತಿದೆ.

ಈಗ ಊರಿನಲ್ಲಿ ಎಲ್ಲಿ ನೋಡಿದರೂ ಕಾರು ಕಳವಿನದ್ದೇ ಸುದ್ದಿ. ಡ್ರಾಪ್ ಕೇಳಿ ಹತ್ತಿದವರು ಹೆದ್ದಾರಿಯಲ್ಲಿ ಚಾಲಕನನ್ನೇ ಕೆಳಗೆ ದೂಡಿ ಗಾಡಿ ಕೊಂಡುಹೋದರಂತೆ ಎಂದು ಮೊಬೈಲಿನಲ್ಲಿ ಬರ್ತದೆ. ಬಂದಾಗೆಲ್ಲ ನಮ್ಮ ಮನೆಯಲ್ಲಿ ನಿಮ್ಮ ಮಾತು ಬರ್ತದೆ. ನನ್ನ ಮಗಳು ಪ್ರೆಸಿಲ್ಲಾ ನರ್ಸು, ಡ್ಯೂಟಿಗೆ ಹೋಗಿಬರಲು ಹಳೇ ಕಾರು ಹುಡುಕುತ್ತಿದ್ದಳು. ಒಳ್ಳೆಯದೊಂದು ಸಿಕ್ಕಿತ್ತು, ಮಾರುವವರೂ ನಿಮ್ಮ ಮತದವರು ಎಂದು ಹೆಸರಿನಿಂದ ತಿಳಿದು ಬೇಡ ಎಂದಳು. "ಅವರದ್ದು ಬೇಡ ಪಪ್ಪಾ, ನಿಮಗೆ ಆದದ್ದು ಸಾಲದಾ?" ಆ ಮನುಷ್ಯನನ್ನು ಅವಳು ಕಂಡದ್ದೂ ಇಲ್ಲ. ನನ್ನ ಸುಳ್ಳಿಗೆ ಈಗ ನಾನೂ ಬೇಕಿಲ್ಲ, ತಾನೇ ನಡೆಯುತ್ತದೆ.

ನಿನ್ನೆ ಬೇರೆ ಕಡೆಯಿಂದ ಕಾರು ತಂದಳು. ಮಾರಿದವರು ಮನೆಗೇ ಬಂದು ಎರಡು ಕೀ ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಎತ್ತಿ ನನಗೆ ತೋರಿಸಿ, "ನೋಡಿ ಪಪ್ಪಾ, ಎರಡು! ನಾನು ನಿಮ್ಮ ಹಾಗೆ ಮೋಸ ಹೋಗುದಿಲ್ಲ" ಎಂದು ನಕ್ಕಳು. ಹೆಂಡತಿ ಇದ್ದಳು, ತಂಗಿ ಇದ್ದಳು, ಭಾವನೂ ಇದ್ದ.

"ಹಮೀದ್ ಕೂಡ ಎರಡು ಕೊಟ್ಟಿದ್ದರು" ಎಂದೆ.

"ಎಂತ?"

ಮತ್ತೊಮ್ಮೆ ಹೇಳಿದೆ. ಪೂರ್ತಿ ಹೇಳಿದೆ. ಪ್ರೆಸಿಲ್ಲಾ ಕೀಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು, ಇವತ್ತು ಬೆಳಿಗ್ಗೆಯವರೆಗೂ ನನ್ನ ಮುಖ ನೋಡಿಲ್ಲ. ಈಗ ಬಂದು ಕೇಳಿದ್ದು ಒಂದೇ, ಅವರ ಮನೆ ಎಲ್ಲಿ ಎಂದು.

ಹೊರಗೆ ಕಾರು ಸ್ಟಾರ್ಟ್ ಮಾಡಿ ಕಾಯ್ತಾ ಇದ್ದಾಳೆ, ಹಮೀದ್. ಮೊದಲು ನಿಮ್ಮ ಮನೆ, ಆಮೇಲೆ ಠಾಣೆ. ಒಳಗೆ ಕರೆಯಬೇಡಿ, ಚಾ ಕೊಡಬೇಡಿ. ಬಾಗಿಲಲ್ಲೇ ನಿಂತು ಹೇಳ್ತೇನೆ — ನಿಮ್ಮ ಮಕ್ಕಳಿಗೂ, ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.