ಎಡಕ್ಕೆ ಒಂದು ತಿರುವು

ಐವತ್ತು ದಾಟಿದ ಹೊಸಪೇಟೆಯ ಹೆಂಗಸು ಹಿಮಾಚಲಕ್ಕೆ ಹೋದರೆ ಹಿಮದುಂಡೆ ಎಸೆದು, ಫೋಟೊ ತೆಗೆಸಿಕೊಂಡು ಬರಬೇಕು ಎಂದು ಯಾರು ಕಟ್ಟಳೆ ಮಾಡಿದರೋ ನನಗೆ ಗೊತ್ತಿಲ್ಲ. ಕಂಪ್ಲಿಯ ಶಾಲೆಯಲ್ಲಿ ಆಟದ ಟೀಚರ್ ಆಗಿ ಮಕ್ಕಳ ಬೆವರಿಳಿಸಿದವಳು ನಾನು. ಹೋದ ಚಳಿಗಾಲ ಸ್ಕೀಯಿಂಗ್ ತರಬೇತಿಗೇ ಹೆಸರು ಕೊಟ್ಟೆ.

ತರಬೇತಿ ಕೊಡುವವನು ನನ್ನ ಮಗನ ವಯಸ್ಸಿನವನು. ಬೇರೆಯವರು ಬಿದ್ದರೆ ಯಾಕೆ ಬಿದ್ದರೆಂದು ಬಿಡಿಸಿ ಹೇಳುತ್ತಿದ್ದ. ನಾನು ಬಿದ್ದರೆ ಕೈಹಿಡಿದು ಎಬ್ಬಿಸಿ, "ಪರವಾಗಿಲ್ಲ ಆಂಟಿ, ಮಜಾ ಮಾಡಿ" ಎಂದು ಹಿಂದಿಯಲ್ಲಿ ಹೇಳಿ ನಗುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು. ಮಜಾ ಮಾಡಲು ಅಷ್ಟು ದೂರ ಯಾಕೆ ಹೋಗಬೇಕು? ನಾನು ಹೋದದ್ದು ಕಲಿಯಲು.

ಹಂಪಿಯ ಬಂಡೆ ಇಳಿದು ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಗುಡ್ಡದ ಕಡೆಗೆ ವಾಲಿ, ಅತ್ತಲಿನ ಕಾಲನ್ನೇ ನಂಬುತ್ತೇವೆ. ಹಿಮದಲ್ಲೂ ನಾನು ಅದನ್ನೇ ಮಾಡಿದೆ. ಎಡಕ್ಕೆ ತಿರುಗುವಾಗ ಎಡಗಾಲಿಗೆ ಕಟ್ಟಿದ ಸ್ಕೀ ಪಟ್ಟಿ ಹಿಮಕ್ಕೆ ಅಂಚೂರಿ ತಿರುಗುತ್ತಿತ್ತು, ಬಲಗಾಲಿನದು ಚಪ್ಪಟೆಯಾಗಿ ನೇರ ಜಾರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ನಡುವೆ ಧೊಪ್ಪನೆ ಬೀಳುತ್ತಿದ್ದೆ.

ಕೆಳಗೆ ಚಹಾ ಹಿಡಿದು ನಿಂತಿದ್ದ ನಮ್ಮ ಯಜಮಾನರು ಕೂಗಿದರು: "ಸಾಕು ಬಾರೇ, ಮಂದಿ ನಗಾಕತ್ತ್ಯಾರ!"

"ನಗಲಿ ಬಿಡ್ರಿ, ಅವರ ಹಲ್ಲು ಅವರ ನಗು! ನನ್ನ ಯಾವ ಕಾಲು ವಾಲವಲ್ದು, ಅಷ್ಟು ನೋಡಿ ಹೇಳ್ರಿ."

"ಬಲಗಾಲು. ಕಂಬ ನಿಂತಂಗ ನಿಂತೈತಿ."

ಮುಂದಿನ ಸಲ ಎರಡೂ ಮೊಣಕಾಲನ್ನು ಎಡಕ್ಕೆ ವಾಲಿಸಿ, ಭಾರವನ್ನು ತಿರುವಿನ ಹೊರಬದಿಯ ಬಲಗಾಲಿಗೆ ಬಿಟ್ಟೆ. ಗುಡ್ಡದ ಆಸರೆ ಬಿಟ್ಟು ಇಳಿಜಾರಿನತ್ತ ಮೈಯೊಡ್ಡುವಾಗ ಜೀವ ಬಾಯಿಗೆ ಬಂದಿತ್ತು. ಆದರೆ ಅಂಚುಗಳೆರಡೂ ಹಿಮ ಕಚ್ಚಿದವು. ತಿರುಗಿದೆ, ಬೀಳಲಿಲ್ಲ.

ಹುಡುಗ ಚಪ್ಪಾಳೆ ತಟ್ಟಿದ. "ವಾಹ್ ಆಂಟಿ! ಈ ವಯಸ್ಸಿನಲ್ಲಿ!"

"ವಯಸ್ಸಿನ ಮಾತು ಬೇಡ" ಎಂದೆ, ನನ್ನ ಹರಕು ಹಿಂದಿಯಲ್ಲಿ. "ಏನು ತಪ್ಪಿತ್ತು, ಅದನ್ನು ಹೇಳು."

ಅವನ ನಗು ನಿಂತಿತು. ಹಿಮದ ಮೇಲೆ ಮೂಡಿದ್ದ ನನ್ನ ಗೆರೆಗಳನ್ನು ದಿಟ್ಟಿಸಿ ನೋಡಿದ. "ಹೊರಗಾಲು ವಾಲಿದೆ, ಆದರೆ ತಡವಾಗಿ. ಎರಡೂ ಒಂದೇ ಹೊತ್ತಿಗೆ ವಾಲಬೇಕು. ಮತ್ತೆ ಮಾಡಿ."

ಅಷ್ಟು ದಿನಗಳಲ್ಲಿ ಅವನು ನನ್ನಲ್ಲಿ ಹುಡುಕಿದ ಮೊದಲ ತಪ್ಪು ಅದು. ಎಷ್ಟು ಖುಷಿಯಾಯಿತೆಂದರೆ, ಅವನ ಎದುರು ಹಲ್ಲು ಕಚ್ಚಿ ಮುಖ ಗಂಟಿಕ್ಕಿಕೊಳ್ಳಬೇಕಾಯಿತು.

"ಚೊಲೋ ಆತು, ಇನ್ನರ ಬಾ!" ಎಂದು ಕೆಳಗಿನಿಂದ ಯಜಮಾನರು ಕರೆದರು. ನಾನು ಪಟ್ಟಿಗಳನ್ನು ಹೆಗಲಿಗೇರಿಸಿಕೊಂಡು ಮೇಲಕ್ಕೆ ನಡೆದೆ.