ನಮ್ಮ ಮೀನುಗಳ ಉಪವಾಸ

ಮನೆಗೆ ಬಂದವರು ಹಸಿದು ಹೋಗಬಾರದೆಂಬುದು ನನ್ನ ಹೆಂಡತಿಯ ಧರ್ಮ. ಗಾಜಿನ ತೊಟ್ಟಿಯ ಸಮೇತ ಮೂರು ಬಂಗಾರದ ಮೀನುಗಳು ಬೆಳಗಾವಿಯ ನಮ್ಮ ಪಡಸಾಲೆಗೆ ಬಂದಾಗ ಆ ಧರ್ಮ ಅವುಗಳಿಗೂ ಅನ್ವಯವಾಯಿತು. ಬೆಳಿಗ್ಗೆ ಎದ್ದು ಅವಳೊಂದು ಚಿಟಿಕೆ ಕಾಳು ಉದುರಿಸುತ್ತಿದ್ದಳು. ಸ್ನಾನ ಮುಗಿಸಿ ನಾನೊಂದು ಚಿಟಿಕೆ. ಚಹಾಕ್ಕೆ ಬಂದವರೆಲ್ಲ ಏಳುವ ಮುನ್ನ ಒಂದೊಂದು ಚಿಟಿಕೆ. ಮೀನುಗಳು ಸಭ್ಯಸ್ಥರು, ಬೇಡವೆನ್ನಲಿಲ್ಲ.

ತಿಂದುಳಿದದ್ದು ತಳದಲ್ಲಿ ಕೊಳೆಯಿತು. ಅದನ್ನು ತಿನ್ನಲೆಂದೇ ಬಿಟ್ಟಿದ್ದ ಬಸವನಹುಳುಗಳೂ, ಸಾರ ಹೀರುವ ನೀರಗಿಡವೂ ಕೈಲಾದಷ್ಟು ದುಡಿದವು. ನಮ್ಮ ಔದಾರ್ಯಕ್ಕೆ ಸಾಲದಾದವು. ತೊಟ್ಟಿ ಅಕ್ಕಿ ತೊಳೆದ ನೀರಿನಂತಾಯಿತು. ಒಂದು ಮೀನು ತೀರಿಕೊಂಡಿತು. ಉಳಿದೆರಡು ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು.

“ಹಸದಾವ ನೋಡ್ರಿ,” ಎಂದು ಅವಳು ಇನ್ನೊಂದು ಚಿಟಿಕೆ ಹಾಕಿದಳು.

ಅಷ್ಟರಲ್ಲಿ ಖಾನಾಪುರದಲ್ಲಿ ನನ್ನ ಅಕ್ಕನ ಹೊಸ ಮನೆಯ ಪ್ರವೇಶ ಬಂತು. ಮೀನುಗಳ ಊಟದ ಹೊಣೆಯನ್ನೂ ಕೀಲಿಕೈಯನ್ನೂ ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಸಂಜೆ ಅವರ ಫೋನು ಬಂತು.

“ಸಾಹೇಬ್ರ, ಈ ಕೀಲಿಕೈ ನಿಮ್ಮ ಬಾಗಲಕ್ಕ ಹತ್ತವಲ್ದರಿ.”

ಹತ್ತುವುದು ಹೇಗೆ? ಹೆಂಡತಿ ಕೊಟ್ಟದ್ದು ಟ್ರಂಕಿನದು. ಮನೆಯದು ಅವಳ ಚೀಲದಲ್ಲೇ ಇತ್ತು.

“ಉಪಾಸ ಸಾಯ್ತಾವ್ರಿ. ಈಗ ಹೋಗೂಣು,” ಎಂದಳು.

ಅಕ್ಕ ಬಿಡಲಿಲ್ಲ. “ಮೀನಿನ ಸಲುವಾಗಿ ಕಾರ್ಯ ಬಿಟ್ಟ ಹೋಗ್ತೀಯೇನವಾ? ಮಂದಿ ನಗ್ತಾರ. ನಾಡದ್ದ ಹೋಗೀರಂತ.”

ಮರುದಿನ ಊಟಕ್ಕೆ ಕುಳಿತಾಗ ಅಕ್ಕ ನನ್ನ ಎಲೆಯ ಮುಂದಿಂದ ಕದಲಲಿಲ್ಲ. “ಇನ್ನೊಂದ ಹೋಳಿಗಿ, ತಮ್ಮಾ. ನಮ್ಮ ಮನ್ಯಾಗ ಏನ ನಾಚಿಕಿ?” ನಾಚಿಕೆ ಬಿಟ್ಟವನ ಗತಿ ಏನಾಗಬೇಕೋ ಅದೇ ಆಯಿತು. ಕಟ್ಟೆಯ ಮೇಲೆ ಅಂಗಾತ ಬಿದ್ದು ಬಾಯಿಯಿಂದ ಉಸಿರಾಡುತ್ತಿದ್ದೆ. ಹೆಂಡತಿ ಬಂದು ನೋಡಿದಳು.

“ಥೇಟ್ ನಮ್ಮ ಮೀನ ಕಂಡಂಗ ಕಾಣ್ತೀರಿ,” ಎಂದವಳು ನನ್ನ ಹೊಟ್ಟೆಯನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ, “ಅವಕ್ಕೂ ಹೆಚ್ಚಾಗಿತ್ತೇನ್ರಿ?” ಎಂದಳು.

ಹೌದೆನ್ನಲು ಬಾಯಿ ತೆರೆದೆ, ತೇಗು ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೀಲಿಕೈಯನ್ನು ಮುಷ್ಟಿಯಲ್ಲೇ ಹಿಡಿದು ಕುಳಿತಿದ್ದಳು. ಬಾಗಿಲು ತೆರೆದಾಗ ಒಳಗೆ ಹೋಗುವ ಧೈರ್ಯವಾಗದೆ ನನ್ನನ್ನು ಮುಂದೆ ತಳ್ಳಿದಳು. ಸಂತಾಪಕ್ಕೆ ತಕ್ಕ ಮುಖ ಮಾಡಿಕೊಂಡು ಹೋದೆ.

ನೀರು ತಿಳಿಯಾಗಿತ್ತು. ಹೊರಗಿಂದ ಏನೂ ಬೀಳದ್ದರಿಂದ ಗಿಡವೂ ಹುಳುಗಳೂ ಹಳೆಯ ಬಾಕಿಯನ್ನೆಲ್ಲ ಮುಗಿಸುತ್ತ ಬಂದಿದ್ದವು. ಎರಡೂ ಮೀನುಗಳು ಬಾಲ ಬೀಸುತ್ತ ಗಾಜಿನ ಹತ್ತಿರ ಬಂದವು.

“ಅದಾವ್ರಿ. ಎರಡೂ ಅದಾವ,” ಎಂದು ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನನಗೂ ಆಗ ಖಾನಾಪುರದ ಹೋಳಿಗೆ ಕರಗಿದಂತಾಯಿತು.

ಈಗ ದಿನಕ್ಕೆ ಒಂದೇ ಚಿಟಿಕೆ. ಸೋಮವಾರ ಅದೂ ಇಲ್ಲ. ಮೊನ್ನೆ ಪಕ್ಕದ ಮನೆಯವರು ಟ್ರಂಕಿನ ಕೀಲಿಕೈ ಕೊಡಲು ಬಂದವರು, ಚಹಾ ಮುಗಿಸಿ, ರೂಢಿಯಂತೆ ಕಾಳಿನ ಡಬ್ಬಿಗೆ ಕೈ ಚಾಚಿದರು. ಅವಳು ಡಬ್ಬಿಯನ್ನು ಮೆಲ್ಲಗೆ ಸರಿಸಿದಳು.

“ನೀವು ಇನ್ನೊಂದ ಕಪ್ ತಗೋರಿ. ಅವರದು ಊಟ ಆಗೇತಿ.”