ಕಂಡಕ್ಟರ್ ಅಣ್ಣನಿಗೆ ತಂದ ಪ್ಲೇಟು

ಅಣ್ಣನಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಕಾಲು ಚೇತರಿಸಿಕೊಂಡು ಗೋಡೆ ಹಿಡಿದು ಬಾಗಿಲವರೆಗೆ ಬರುತ್ತಿದ್ದ, ಎಡಗೈಯಲ್ಲಿ ಮುದ್ದೆ ಮುರಿದು ನುಂಗುತ್ತಿದ್ದ. ಮಾತು ಮಾತ್ರ ಬಂದಿರಲಿಲ್ಲ. ಕನಕಪುರ ರಸ್ತೆಯ ಖಾಸಗಿ ಬಸ್ಸಿನಲ್ಲಿ ಅರ್ಧ ಆಯಸ್ಸು ಕಂಡಕ್ಟರ್ ಆಗಿದ್ದವನು ಅವನು. ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ ಅಂತ ನಾಲ್ಕು ಊರನ್ನೂ ಒಂದೇ ಊರು ಅನ್ನುವ ಹಾಗೆ ಒಂದೇ ಉಸಿರಿಗೆ ಕೂಗುತ್ತಿದ್ದ. ಅಂಥವನ ಬಾಯಿ ಕಟ್ಟಿದ್ದಕ್ಕೆ ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಹೆಣ್ಣುಮಗಳು ನನಗೂ ಅತ್ತಿಗೆಗೂ ಸಮಾಧಾನವಾಗಿ ಹೇಳಿದ್ದಳು: "ಹಳೇ ಹಾಡು, ಮಗ್ಗಿ, ಬೈಗುಳ, ಇಂಥವು ತಾನಾಗೇ ಬಾಯಿಗೆ ಬರಬಹುದು. ಬಂದ್ರೆ ಖುಷಿಪಡಿ. ಆದ್ರೆ ಅವರೇ ಯೋಚಿಸಿ ನಿಮಗೆ ಅಂತ ಒಂದು ಮಾತು ಆಡ್ತಾರಲ್ಲ, ಆವತ್ತು ನನಗೆ ಫೋನ್ ಮಾಡಿ."

ಆ ಒಂದು ಮಾತಿಗೆ ನಾವಿಬ್ಬರೂ ಕಾಯುತ್ತಿದ್ದೆವು. ಅತ್ತಿಗೆ ದಿನಾ ಬೆಳಿಗ್ಗೆ, "ಕಾಪಿ ಕೊಡ್ಲಾ, ಟೀ ಕೊಡ್ಲಾ?" ಅಂತ ಕೇಳುತ್ತಿದ್ದರು. ಒಂದೇ ಕೇಳಿದರೆ ತಲೆಯಾಡಿಸಿ ಮುಗಿಸುತ್ತಾನೆ, ಎರಡು ಕೇಳಿದರೆ ಬಾಯಿ ಬಿಡಲೇಬೇಕು ಅನ್ನುವುದು ಅವರ ಉಪಾಯ. ಅಣ್ಣ ಎರಡಕ್ಕೂ ತಲೆಯಾಡಿಸುತ್ತಿದ್ದ.

ಹಳೆಯ ಹಾಡು ಅಂದರೆ ಅವನಿಗೆ ಇದ್ದದ್ದು ಒಂದೇ ಕ್ಯಾಸೆಟ್ಟು. ಯಾರೋ ಪ್ರಯಾಣಿಕರು ಬಸ್ಸಿನ ಸೀಟಿನಲ್ಲಿ ಬಿಟ್ಟುಹೋಗಿದ್ದು. ವಾರಗಟ್ಟಲೆ ಡ್ರೈವರ್ ಪಕ್ಕದ ಡಬ್ಬಿಯಲ್ಲಿಟ್ಟುಕೊಂಡು ಕಾದರೂ ಯಾರೂ ಕೇಳಲಿಲ್ಲ. ಅದರ ತುಂಬ ಅಮೆರಿಕದ ಒಬ್ಬ ರ್‍ಯಾಪ್ ಹಾಡುಗಾರ, ಹಾಡುವುದೇ ಇಲ್ಲ, ಜಗಳಕ್ಕೆ ನಿಂತವನಂತೆ ಮಾತು ಸುರಿಸುತ್ತಾನೆ. ಅಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಅದರಲ್ಲಿದ್ದ ಒಂದು ಹಾಡನ್ನು ಶುರುವಿನಿಂದ ಕೊನೆವರೆಗೂ ಎಲ್ಲೂ ಎಡವದೆ ಒಪ್ಪಿಸುತ್ತಿದ್ದ. ಅರ್ಥ ಏನು ಅಂತ ಕೇಳಿದ್ದಕ್ಕೆ, "ಅವನೂ ನನ್ನಂಗೆ ಕಂಡಕ್ಟ್ರೇ ಕಣಮ್ಮಿ. ಒಳಗೆ ಜಾಗ ಐತೆ, ಮುಂದಕ್ಕೋಗಿ ಅಂತವ್ನೆ" ಅಂದಿದ್ದ. ನಾನು ಎಷ್ಟೋ ವರ್ಷ ಅದನ್ನೇ ನಂಬಿದ್ದೆ. ಆ ಕ್ಯಾಸೆಟ್ಟಿನ ರೀಲು ಯಾವ ಕಾಲದಲ್ಲೋ ಸಿಕ್ಕಾಗಿ ಹರಿದುಹೋಯಿತು.

ನನ್ನ ಕೆಲಸ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ, ತಯಾರಾದ ಮಾಲನ್ನು ಪರೀಕ್ಷಿಸುವುದು. ಊಟದ ಹೊತ್ತಿನಲ್ಲಿ ಅಣ್ಣನ ಕಥೆ ಹೇಳಿಕೊಂಡಾಗ, ಸದಾ ಕಿವಿಗೆ ವೈರು ಸಿಕ್ಕಿಸಿಕೊಂಡಿರುವ ಜೊತೆಯ ಕೆಲಸದವಳೊಬ್ಬಳು ಫೋನ್ ತೆಗೆದು ತೋರಿಸಿದಳು. ಆ ಹಾಡುಗಾರನ ಹಳೆಯ ಆಲ್ಬಮ್‌ಗಳನ್ನು, ಬಿಡಿ ಹಾಡುಗಳನ್ನು ಈಗ ಮತ್ತೆ ಗ್ರಾಮಫೋನಿನ ಕಪ್ಪು ಪ್ಲೇಟುಗಳಾಗಿ ಅಚ್ಚು ಹಾಕಿ ಮಾರುತ್ತಿದ್ದಾರಂತೆ. ಫೋನಿನಲ್ಲೇ ಕೇಳಿಸಬಹುದಲ್ಲ ಅಂದಳು. ಕೇಳಿಸಿದ್ದೆ. ಅಣ್ಣ ಫೋನಿನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ತಿರುಗುವ ವಸ್ತುವೊಂದು ಎದುರಿಗಿದ್ದರೆ ನೋಡಿಯಾನು ಅನ್ನಿಸಿ ಒಂದು ದೊಡ್ಡ ಪ್ಲೇಟು, ಅಣ್ಣನ ಆ ಹಾಡು ಇದ್ದ ಒಂದು ಚಿಕ್ಕ ಪ್ಲೇಟು, ಅವನ್ನು ಹಾಕಲು ಸೂಟ್‌ಕೇಸಿನಂಥ ಒಂದು ಪ್ಲೇಯರು ತರಿಸಿದೆ. ಅತ್ತಿಗೆಗೆ ಇದು ನನ್ನ ಹುಚ್ಚಾಟ ಅನ್ನಿಸಿದರೂ ಪ್ಲೇಯರಿಗೆ ಜಾಗ ಮಾಡಿಕೊಟ್ಟರು.

ಮೊದಲು ದೊಡ್ಡ ಪ್ಲೇಟು ಹಾಕಿದೆವು. ಅಣ್ಣ ಅದು ತಿರುಗುವುದನ್ನು ನೋಡುತ್ತ ಕೂತ. ಹಾಡುಗಾರ ದಡದಡ ಓಡಿದ. ಅಣ್ಣನ ತುಟಿ ಒಂದು ಸಲ ಅಲುಗಿ, ಮತ್ತೊಂದು ಸಲ ಅಲುಗಿ, ಹಾಡಿಗಿಂತ ಹಿಂದೆ ಬಿತ್ತು. ಆಮೇಲೆ ಅವನು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ.

ಚಿಕ್ಕ ಪ್ಲೇಟಿನ ನಡುವಿನ ತೂತು ಎರಡು ಬೆರಳು ಹೋಗುವಷ್ಟು ದೊಡ್ಡದು, ಪ್ಲೇಯರಿನ ಕಡ್ಡಿಯೋ ಪೆನ್ಸಿಲಿಗಿಂತ ಸಣ್ಣ. ನಡುವೆ ಕೂರಿಸಲು ಒಂದು ಬಿಲ್ಲೆ ಬೇಕಂತೆ, ಡಬ್ಬಿಯಲ್ಲಿ ಅದಿರಲಿಲ್ಲ. ಇನ್ನೊಂದು ಪಾರ್ಸೆಲ್ಲಿಗೆ ಕಾಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಭಾನುವಾರ ಬೆಳಿಗ್ಗೆ ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಪ್ಲೇಯರಿನ ಕಡ್ಡಿಯಷ್ಟೇ ದಪ್ಪದ ಒಂದು ಮೊಳೆ ಹಿಡಿದುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಮರದ ಗೊಂಬೆ ಕಡೆಯುವವರು ಇಷ್ಟು ಮಾಡಲಾರರೇ?

ಬಾಗಿಲಲ್ಲೇ ಮರ ಕಡೆಯುವ ಲೇತ್ ಹಾಕಿಕೊಂಡಿದ್ದ ಒಬ್ಬ ಹಿರಿಯರು ಪ್ಲೇಟಿನ ತೂತಿನೊಳಗೆ ಬೆರಳಾಡಿಸಿ ನೋಡಿದರು.

"ಏನಮ್ಮಾ, ಗೊಂಬೆ ಗಾಡಿ ಚಕ್ರ ಇಷ್ಟು ತೆಳ್ಳಗೆ ಮಾಡವ್ರೆ?"

"ಚಕ್ರ ಅಲ್ಲ ಯಜಮಾನ್ರೆ, ಹಾಡಿನ ಪ್ಲೇಟು. ಈ ತೂತಿಗೆ ಕೂರೋ ಹಂಗೆ ಒಂದು ಬಿಲ್ಲೆ ಬೇಕು, ಅದರ ನಡುವೆ ಈ ಮೊಳೆ ಹೋಗಬೇಕು. ನಮ್ಮಣ್ಣಂಗೆ ಮಾತು ನಿಂತೋಗೈತೆ. ಇದ ಕೇಳುದ್ರೆ ಬತ್ತದೇನೋ ಅಂತ."

ಅವರು ಅಲ್ಲೇ ಕೆಲಸಕ್ಕೆ ಕೂತರು. ಅಳತೆಪಟ್ಟಿಯನ್ನೂ ಮುಟ್ಟಲಿಲ್ಲ. ಹಾಲೆಮರದ ತುಂಡನ್ನು ಲೇತಿಗೆ ಕೂರಿಸಿ ಕಡೆಯುವುದು, ನಿಲ್ಲಿಸಿ ಪ್ಲೇಟನ್ನು ಹಾಕಿ ನೋಡುವುದು, ಮತ್ತೆ ಕೂದಲಷ್ಟು ಕಡೆಯುವುದು. ಕೊನೆಗೆ ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಅರಗು ಕರಗಿ ಬಣ್ಣ ಹರಡಿತು. ಲೇತಿನ ಗುಂಯ್ ಸದ್ದಿಗೆ ನನಗೆ ನಿಂತಲ್ಲೇ ಕಣ್ಣು ಎಳೆಯತೊಡಗಿತ್ತು. ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟಾಗ ಅದು ಇನ್ನೂ ಬೆಚ್ಚಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತೋ, ಬರೀ ಬಿಸಿಲಿನ ಮಂಪರೋ ತಿಳಿಯದು. ಕಿಟಕಿಯಾಚೆ ಮಾವಿನ ತೋಪು, ಹಿಪ್ಪುನೇರಳೆ ಹೊಲ, ಕಲ್ಲುಗುಡ್ಡ ಎಲ್ಲ ನೀರಿನ ಮೇಲೆ ಇದ್ದ ಹಾಗೆ ತೇಲುತ್ತಿದ್ದವು. ಬಾಗಿಲ ಮೆಟ್ಟಿಲ ಮೇಲೆ ಅಣ್ಣ ಖಾಕಿ ಅಂಗಿ ತೊಟ್ಟು ನಿಂತಿದ್ದ. ಯಾವ ಭೂಪಟದಲ್ಲೂ ಇಲ್ಲದ ಊರುಗಳನ್ನು ಒಂದೊಂದಾಗಿ ಕೂಗುತ್ತಿದ್ದ. ಪ್ರತಿ ಊರಿಗೂ ಯಾರೋ ನಗುತ್ತ ಇಳಿದುಹೋಗುತ್ತಿದ್ದರು. ನನ್ನ ಊರು ಯಾವುದು ಅಂತ ಕೇಳಬೇಕು ಅನ್ನುವಷ್ಟರಲ್ಲಿ ಸಾತನೂರು ಬಂತು, ಎಚ್ಚರವಾಯಿತು. ಮಡಿಲಲ್ಲಿ ಪ್ಲೇಟು ಭದ್ರವಾಗಿತ್ತು.

ಮನೆಗೆ ಬಂದವಳೇ ಕೈಕಾಲು ಕೂಡ ತೊಳೆಯದೆ ಬಿಲ್ಲೆ ಕೂರಿಸಿ ಪ್ಲೇಟು ಹಾಕಿದೆ. ಅಣ್ಣ ಕುರ್ಚಿಯಲ್ಲಿ, ಅತ್ತಿಗೆ ಅಡಿಗೆಮನೆಯಲ್ಲಿ. ಮುಳ್ಳು ಇಳಿಯಿತು. ಬಂದದ್ದು ಆ ಹಾಡೇ, ಆದರೆ ಹಾಡುಗಾರನಿಗೆ ಏನೋ ಆಗಿತ್ತು. ದನಿ ದಪ್ಪಗಾಗಿ, ಹೊಟ್ಟೆ ತುಂಬ ಉಂಡು ಜಗಲಿಯಲ್ಲಿ ಒರಗಿದವನ ಮಾತಿನಂತೆ ಎಳೆಎಳೆಯಾಗಿ ಬರುತ್ತಿತ್ತು. ಮೋಸದ ಮಾಲು ಕಳಿಸಿದ್ದಾರೆ ಅಂತ ಬೈಯಲು ಬಾಯಿ ತೆರೆದೆ. ಆಗ ಪ್ಲೇಯರಿನ ಮೇಲಿದ್ದ ವೇಗದ ಗುಂಡಿ ಕಣ್ಣಿಗೆ ಬಿತ್ತು. ಚಿಕ್ಕ ಪ್ಲೇಟು ಜೋರಾಗಿ ತಿರುಗಬೇಕು. ನಾನು ದೊಡ್ಡ ಪ್ಲೇಟಿನ ನಿಧಾನದಲ್ಲೇ ಬಿಟ್ಟಿದ್ದೆ. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುವವಳು ನಾನು!

ಸರಿಮಾಡೋಣ ಅಂತ ಬಗ್ಗುವಾಗ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಅಣ್ಣ ಹಾಡನ್ನು ಹೇಳುತ್ತಿದ್ದ. ಅರ್ಧಂಬರ್ಧ, ಮೇಣ ಮೆತ್ತಿದಂಥ ನಾಲಿಗೆಯಲ್ಲಿ. ಆದರೆ ಈ ಸಲ ಹಿಂದೆ ಬೀಳುತ್ತಿರಲಿಲ್ಲ. ಹಾಡುಗಾರ ಒಂದು ಮಾತು ಮುಗಿಸುವಷ್ಟರಲ್ಲಿ ಅವನೂ ಅದನ್ನು ಮುಗಿಸಿರುತ್ತಿದ್ದ. ಇಬ್ಬರೂ ಸಂಜೆ ಹೊತ್ತು ಒಟ್ಟಿಗೆ ರಸ್ತೆಯಲ್ಲಿ ಹೋಗುತ್ತಿದ್ದವರ ಹಾಗೆ ಜೊತೆಜೊತೆಯಾಗಿ ನಡೆದರು. ಕಿಟಕಿಯ ಬಿಸಿಲು ಪ್ಲೇಟಿನ ಮೇಲೆ ಸುತ್ತುತ್ತಿತ್ತು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಆದರೂ ಒಳಗಿನಿಂದ ಒಂದು ದನಿ ಚುಚ್ಚುತ್ತಲೇ ಇತ್ತು. ಇದು ಹಾಡು, ಮಾತಲ್ಲ. ಖುಷಿಪಡು, ಅಷ್ಟೇ.

ಹಾಡು ಮುಗಿಯಿತು. ಮತ್ತೆ ಮೊದಲಿನಿಂದ, ಈಗ ಸರಿಯಾದ ವೇಗದಲ್ಲಿ ಕೇಳಿಸೋಣ ಅಂತ ಗುಂಡಿಗೆ ಕೈ ಹಾಕಿದೆ. ಅಣ್ಣನ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

ಅವನು ನನ್ನನ್ನೇ ನೋಡುತ್ತಿದ್ದ. ತುಟಿ ಒಂದು ಕಡೆಗೆ ಎಳೆದುಕೊಂಡಿತು, ಗಂಟಲ ನರ ಉಬ್ಬಿತು.

"ಇ... ಇರ್ಲಿ," ಅಂದ.

ನಾನು ಗುಂಡಿಯಿಂದ ಕೈ ತೆಗೆದೆ. ರಾಗಿಹಿಟ್ಟಿನ ಕೈಯಲ್ಲೇ ಅತ್ತಿಗೆ ಬಾಗಿಲಿಗೆ ಓಡಿ ಬಂದರು. ನನ್ನ ಮುಖ ನೋಡಿದರು, ಅವನ ಮುಖ ನೋಡಿದರು.

"ಅದೂ ಹಾಡಲ್ಲೇ ಬಂದಿದ್ದಾ?" ಅಂತ ಹೆದರುತ್ತ ಕೇಳಿದರು.

"ಇಲ್ಲ ಅತ್ತಿಗೆ," ಅಂದೆ. "ನಂಗಂದಿದ್ದು."